ಸ್ಮಾರ್ಟ್ ಸ್ಪೀಕರ್‌ನಲ್ಲಿ ಸಂಗೀತ: ಪೆಟ್ಟಿಗೆ ನುಡಿದದ್ದೆಷ್ಟು, ಕಿವಿ ತುಂಬಿಕೊಂಡದ್ದೆಷ್ಟು?

ಬಾಯಿಮಾತಿನ ಅಪ್ಪಣೆಗೆ ಹಾಡುವ ಪೆಟ್ಟಿಗೆಗಳು ಈಗ ಕಲಬುರಗಿಯ ಮನೆಗಳಿಗೂ ಬಂದಿವೆ. ಅಮೆಜಾನ್ ಕಂಪನಿಯ ಎಕೋ 2014ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 2017ರಲ್ಲಿ ಭಾರತಕ್ಕೆ ಬಂತು. ಮರುವರ್ಷ ಗೂಗಲ್ ಹೋಮ್ ಬಂತು. ಇವಕ್ಕೆ ಕನ್ನಡದಲ್ಲಿ ಧ್ವನಿಪೆಟ್ಟಿಗೆ ಎನ್ನೋಣವೆಂದರೆ ಜೀವಶಾಸ್ತ್ರದ ಅಧ್ಯಾಪಕರು ತಮ್ಮ ಗಂಟಲನ್ನು ಮುಟ್ಟಿ ತೋರಿಸುತ್ತಾರೆ. ಆದ್ದರಿಂದ ಸ್ಮಾರ್ಟ್ ಸ್ಪೀಕರ್ ಎಂದೇ ಕರೆಯೋಣ.

ಖೂಬಾ ಪ್ಲಾಟಿನ ನಮ್ಮ ಮನೆಗೆ ಉಡುಗೊರೆಯಾಗಿ ಬಂದ ಅಂತಹ ಒಂದು ಪೆಟ್ಟಿಗೆಯನ್ನು ಕಳೆದ ಕೆಲವು ವಾರಗಳಿಂದ ಕೇಳುತ್ತಿದ್ದೇನೆ. ಅದು ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಅಂಗೈ ಮೇಲೆ ಕೂರುವ ಅಳತೆಯ, ಒಂದೇ ಸಣ್ಣ ಸ್ಪೀಕರ್ ಇರುವ ಯಾವ ಪೆಟ್ಟಿಗೆಗೂ ಮುಂದಿನ ಮಾತು ಹೆಚ್ಚು ಕಡಿಮೆ ಅನ್ವಯಿಸುತ್ತದೆ. ಹವಾಮಾನ ಹೇಳುವುದು, ದೀಪ ಹಚ್ಚುವುದು, ಗಣಿತದ ಲೆಕ್ಕ ಬಿಡಿಸುವುದು ಮುಂತಾದ ಇದರ ಉಳಿದ ವಿದ್ಯೆಗಳನ್ನು ನಾನು ಪರೀಕ್ಷಿಸಿಲ್ಲ. ಮನೆಯಲ್ಲಿ ಕುಳಿತು ಸಂಗೀತ ಕೇಳಲು ಇದು ಎಷ್ಟರಮಟ್ಟಿಗೆ ತಕ್ಕದ್ದು ಎಂಬುದಷ್ಟೇ ಪ್ರಶ್ನೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಈ ಯಂತ್ರದ ಬಾಯಿಗಿಂತ ಕಿವಿ ಬಹಳ ಚುರುಕು. ಸಾಕಷ್ಟು ಜೋರಾಗಿ ಹಾಡು ನಡೆಯುತ್ತಿರುವಾಗಲೇ, ಕೋಣೆಯ ಇನ್ನೊಂದು ಮೂಲೆಯಿಂದ ಸಹಜ ಧ್ವನಿಯಲ್ಲಿ ಹೆಸರು ಹಿಡಿದು ಕರೆದರೆ ಅದು ಹಾಡನ್ನು ತಗ್ಗಿಸಿ ಕಿವಿಗೊಡುತ್ತದೆ. ಇದು ಹೇಗೆ ಸಾಧ್ಯ? ಪೆಟ್ಟಿಗೆಯ ತಲೆಯ ಮೇಲೆ ಒಂದಕ್ಕಿಂತ ಹೆಚ್ಚು ಮೈಕ್ರೊಫೋನುಗಳಿರುತ್ತವೆ. ಮೊದಲ ಎಕೋದಲ್ಲಿ ಏಳು ಇದ್ದವು. ಎರಡು ಮೈಕ್ರೊಫೋನುಗಳ ನಡುವೆ 7 ಸೆಂ.ಮೀ. ಅಂತರವಿದೆಯೆಂದು ಭಾವಿಸಿ. ಪಕ್ಕದಿಂದ ಬರುವ ಶಬ್ದ ಒಂದನ್ನು ಮುಟ್ಟಿದ ಸುಮಾರು 0.2 ಮಿಲಿಸೆಕೆಂಡ್ ಬಳಿಕ ಇನ್ನೊಂದನ್ನು ಮುಟ್ಟುತ್ತದೆ. ಸೆಕೆಂಡಿಗೆ 16,000 ಸಲ ಶಬ್ದವನ್ನು ಅಳೆಯುವ ಯಂತ್ರಕ್ಕೆ ಇದು ಮೂರು ಅಳತೆಗಳಷ್ಟು ವ್ಯತ್ಯಾಸ. ಆ ವ್ಯತ್ಯಾಸದಿಂದ ಮಾತು ಬಂದ ದಿಕ್ಕನ್ನು ಲೆಕ್ಕ ಹಾಕಿ, ಆ ದಿಕ್ಕಿನ ಶಬ್ದಗಳನ್ನು ಕೂಡಿಸಿ, ಉಳಿದವನ್ನು ತಗ್ಗಿಸಬಹುದು. ಇನ್ನು ಹಾಡು ತನ್ನದೇ ಆದ್ದರಿಂದ ಅದರ ಅಲೆ ಹೇಗಿದೆಯೆಂಬುದು ಯಂತ್ರಕ್ಕೆ ಮೊದಲೇ ಗೊತ್ತು. ಗೋಡೆಗಳಿಂದ ಮರಳಿ ಬಂದದ್ದನ್ನೂ ಅಂದಾಜು ಮಾಡಿ ಒಟ್ಟು ಶಬ್ದದಿಂದ ಕಳೆದರೆ ನಮ್ಮ ಮಾತು ಉಳಿಯುತ್ತದೆ. ಅಲೆಗಳ ಅಧ್ಯಾರೋಪಣವನ್ನು ತರಗತಿಯಲ್ಲಿ ಬರಿಯ ಚಿತ್ರ ಬರೆದು ಕಲಿಸುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೆ ಈ ಚುರುಕು ಕಿವಿಗೆ ಕನ್ನಡ ಬರುವುದಿಲ್ಲ. ನಾನು ನೋಡಿದ ಮಾದರಿಗೆ ಇಂಗ್ಲಿಷ್ ಮತ್ತು ಹಿಂದಿ ಬರುತ್ತವೆ. ನಮ್ಮ ಅವ್ವ ರೇಡಿಯೊ ಕಾಲದವಳು. ಪೆಟ್ಟಿಗೆಯ ಮುಂದೆ ಕುಳಿತು, "ಮನ್ಸೂರ ಅವರ ವಚನ ಹಚ್ಚು" ಎಂದು ಎರಡು ಸಲ ಹೇಳಿ ನೋಡಿದಳು. ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು.

"ಇದಕ್ಕ ಕನ್ನಡ ತಿಳಿಯಂಗಿಲ್ಲೇನೋ?"

"ಇಲ್ಲವ್ವ. ಇನ್ನೂ ಕಲಿಸಿಲ್ಲ."

"ಹಂಗಾರ ಹಾಡೋದು ಹ್ಯಾಂಗ ಕಲಿಸ್ಯಾರ?"

ಪ್ರಶ್ನೆ ಸರಿಯಾಗಿಯೇ ಇದೆ. ಹಾಡನ್ನು ನುಡಿಸಲು ಭಾಷೆ ತಿಳಿಯಬೇಕಿಲ್ಲ. ಮಾತನ್ನು ಗುರುತಿಸಲು ಆ ಭಾಷೆಯನ್ನು ಬೇರೆ ಬೇರೆ ಊರಿನ, ವಯಸ್ಸಿನ ಜನ ಆಡಿದ ಸಾವಿರಾರು ಗಂಟೆಗಳ ದಾಖಲೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಭಾರತದ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುವ 'ವಾಣಿ' ಎಂಬ ಯೋಜನೆಯಲ್ಲಿ ತೊಡಗಿದೆ. ಮೈಸೂರಿನ 'ಹಾಕು', ಕಲಬುರಗಿಯ 'ಹಚ್ಚು' ಎರಡೂ ಯಂತ್ರಕ್ಕೆ ತಿಳಿಯಬೇಕಾದರೆ ಇಂತಹ ಸಂಗ್ರಹವೇ ದಾರಿ. ಅಲ್ಲಿಯವರೆಗೆ ಅವ್ವನ ಪರವಾಗಿ ನಾವು ಯಾರಾದರೂ ಹಿಂದಿಯಲ್ಲಿ ಕೇಳಬೇಕು.

ಇನ್ನು ಬಾಯಿಯ ವಿಚಾರ. ಮೊದಲ ಸಲ ಕೇಳಿದಾಗ ಇಷ್ಟು ಚಿಕ್ಕ ಪೆಟ್ಟಿಗೆಯಿಂದ ಇಷ್ಟು ತುಂಬಿದ ಧ್ವನಿಯೇ ಎಂದು ಬೆರಗಾಗುತ್ತದೆ. ಮಾತು ಸ್ವಚ್ಛ, ಕೊಳಲು ಸೊಗಸು, ಗಾಯಕರ ಕಂಠವೂ ಚೆನ್ನ. ಈ ಮೊದಲ ಅನಿಸಿಕೆಯನ್ನು ನಂಬುವ ಮುನ್ನ ಒಂದು ಲೆಕ್ಕ ಮಾಡೋಣ.

ಸ್ಪೀಕರಿನ ಪರದೆ ಹಿಂದೆ ಮುಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಪರದೆ ತರಂಗದೂರಕ್ಕಿಂತ ಬಹಳ ಚಿಕ್ಕದಾಗಿದ್ದಾಗ, ದೂರದಲ್ಲಿ ಉಂಟಾಗುವ ಒತ್ತಡವು ಅದು ತಳ್ಳಿದ ಗಾಳಿಯ ಗಾತ್ರಕ್ಕೆ ಹಾಗೂ ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎಂದರೆ ಆವೃತ್ತಿ ಅರ್ಧವಾದರೆ ಅಷ್ಟೇ ಒತ್ತಡಕ್ಕೆ ಪರದೆ ನಾಲ್ಕು ಪಟ್ಟು ದೂರ ಚಲಿಸಬೇಕು. ಅಂಗೈಯಗಲದ ಪೆಟ್ಟಿಗೆಯ ಪರದೆಯ ವಿಸ್ತೀರ್ಣ ಸುಮಾರು 10 ಚದರ ಸೆಂ.ಮೀ. ಎಂದು ಹಿಡಿಯಿರಿ. ಒಂದು ಮೀಟರ್ ದೂರದಲ್ಲಿ 74 ಡೆಸಿಬೆಲ್, ಅಂದರೆ ಗಟ್ಟಿಯಾಗಿ ಆಡಿದ ಮಾತಿನಷ್ಟು ಶಬ್ದ ಬೇಕು. 240 ಹರ್ಟ್ಸ್ ಸ್ವರಕ್ಕೆ ಪರದೆ ಪ್ರತಿ ಬದಿಗೆ 0.65 ಮಿ.ಮೀ. ಚಲಿಸಿದರೆ ಸಾಕು. 120 ಹರ್ಟ್ಸ್‌ಗೆ 2.6 ಮಿ.ಮೀ. ಬೇಕು. 60 ಹರ್ಟ್ಸ್‌ಗೆ ಬಂದಾಗ 1 ಸೆಂಟಿಮೀಟರಿಗೂ ಹೆಚ್ಚು! ಇಷ್ಟು ಚಿಕ್ಕ ಸ್ಪೀಕರಿನಲ್ಲಿ ಅಷ್ಟು ಜಾಗವಿಲ್ಲ. ಪೆಟ್ಟಿಗೆಯನ್ನು ಗೋಡೆಗೆ ಆನಿಸಿ ಇಟ್ಟರೆ ಸ್ವಲ್ಪ ಸಹಾಯವಾಗುತ್ತದೆ, ಆದರೆ ತೀರ್ಪು ಬದಲಾಗುವುದಿಲ್ಲ. ಒಳಗಿನ ಪ್ರೊಸೆಸರ್ ಎಷ್ಟೇ ಜಾಣನಾದರೂ ಈ ಅನುಪಾತವನ್ನು ಮೀರಲಾರದು.

ಇದನ್ನು ಪರೀಕ್ಷಿಸುವುದು ಸುಲಭ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ 'ಫೈಫಾಕ್ಸ್' ಎಂಬ ಉಚಿತ ತಂತ್ರಾಂಶವನ್ನು ಎರಡು ಮೊಬೈಲುಗಳಲ್ಲಿ ಹಾಕಿಕೊಳ್ಳಿ. ಒಂದರಿಂದ ಶುದ್ಧ ಸ್ವರಗಳನ್ನು ಹುಟ್ಟಿಸಿ ಬ್ಲೂಟೂತ್ ಮೂಲಕ ಸ್ಪೀಕರಿಗೆ ಕಳಿಸಿ; ಇನ್ನೊಂದರಲ್ಲಿ ಶಬ್ದದ ವರ್ಣಪಟಲವನ್ನು ನೋಡಿ. ನಮ್ಮ ಪೆಟ್ಟಿಗೆಯಲ್ಲಿ 400, 200 ಹರ್ಟ್ಸ್ ಸ್ವರಗಳು ಒಂಟಿ ಶಿಖರಗಳಾಗಿ ನಿಂತವು. 100ಕ್ಕೆ ಇಳಿಯುತ್ತಲೇ ಶಿಖರ ಕುಸಿಯಿತು. 60ರಲ್ಲಿ ಧ್ವನಿ ಮಟ್ಟ ಹೆಚ್ಚಿಸಿದಾಗ ಕಂಡದ್ದು ಇನ್ನೂ ಸ್ವಾರಸ್ಯಕರ: 60 ಹರ್ಟ್ಸಿನ ಗೆರೆ ಬಹುತೇಕ ಇಲ್ಲ, ನಾವು ಕಳಿಸದೇ ಇದ್ದ 120 ಮತ್ತು 180 ಹರ್ಟ್ಸ್ ಗೆರೆಗಳು ಎದ್ದಿವೆ. ಮೊಬೈಲಿನ ಮೈಕ್ರೊಫೋನ್ ಕೂಡ ಕೆಳಗಿನ ಆವೃತ್ತಿಗಳಲ್ಲಿ ಅಷ್ಟು ನಂಬಿಗಸ್ಥವಲ್ಲವಾದ್ದರಿಂದ ಅದೇ ಸ್ವರವನ್ನು ಒಂದು ದೊಡ್ಡ ಸ್ಪೀಕರಿನಲ್ಲಿ ನುಡಿಸಿ ಹೋಲಿಸಬೇಕು. ಹೋಲಿಸಿದಾಗ ಅನುಮಾನ ಉಳಿಯುವುದಿಲ್ಲ.

ಹಾಗಿದ್ದರೆ ಮೊದಲು ಕೇಳಿದ ಆ 'ತುಂಬಿದ ಧ್ವನಿ' ಎಲ್ಲಿಂದ ಬಂತು? ಬಹುಪಾಲು ನಮ್ಮ ತಲೆಯಿಂದ. ಜರ್ಮನಿಯ ಸೀಬೆಕ್ 1840ರ ದಶಕದಲ್ಲಿ ತೂತು ಕೊರೆದ ತಟ್ಟೆಯ ಸೈರನ್‌ಗಳನ್ನು ಊದಿ, ಮೂಲ ಆವೃತ್ತಿ ತೀರ ಕ್ಷೀಣವಾಗಿದ್ದರೂ ಕಿವಿ ಆ ಸ್ಥಾಯಿಯನ್ನೇ ಕೇಳುತ್ತದೆ ಎಂದು ತೋರಿಸಿದ. ಓಮ್ ನಿಯಮದ ಓಮ್ ಇದನ್ನು ಒಪ್ಪಲಿಲ್ಲ, ಹೆಲ್ಮ್‌ಹೋಲ್ಟ್ಸ್ ಓಮ್‌ನ ಪಕ್ಷ ವಹಿಸಿದ, ಸೀಬೆಕ್‌ನ ಮಾತು ಬದಿಗೆ ಸರಿಯಿತು. ನೂರು ವರ್ಷಗಳ ನಂತರ, 1940ರಲ್ಲಿ, ಹಾಲೆಂಡಿನ ಸ್ಕೌಟೆನ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ.

ತಂಬೂರಿಯನ್ನು ತೆಗೆದುಕೊಳ್ಳಿ. ಗಾಯಕರ ಷಡ್ಜ ಹಾರ್ಮೋನಿಯಂನ ಕರಿ ಒಂದು, ಅಂದರೆ ಸುಮಾರು 138.6 ಹರ್ಟ್ಸ್ ಆಗಿದ್ದರೆ, ತಂಬೂರಿಯ ಖರಜದ ತಂತಿ 69.3 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ನಮ್ಮ ಪೆಟ್ಟಿಗೆ ಇದನ್ನು ನುಡಿಸಲಾರದು. ಆದರೆ 207.9, 277.2, 346.5 ಹೀಗೆ ಮೇಲಿನ ಹಾರ್ಮೋನಿಕ್‌ಗಳನ್ನು ನುಡಿಸಬಲ್ಲದು. ಅವುಗಳ ನಡುವಿನ ಸಮಾನ ಅಂತರ 69.3. ಕಿವಿ ಮತ್ತು ಮಿದುಳು ಆ ಅಂತರವನ್ನು ಹಿಡಿದು ಖರಜವನ್ನು ತಾವೇ ಕಟ್ಟಿಕೊಳ್ಳುತ್ತವೆ. ತಂಬೂರಿಯಲ್ಲಿ ಈ ಮೇಲಿನ ಹಾರ್ಮೋನಿಕ್‌ಗಳು ಹೇರಳ. ಬಾಗಿದ ಕುದುರೆ ಮತ್ತು ತಂತಿಯಡಿಯ ನೂಲಿನೆಳೆಯಿಂದ ಹುಟ್ಟುವ ಜವಾರಿಯ ಕಾರಣದಿಂದ, ತಂತಿಯನ್ನು ಮೀಟಿದ ಜಾಗದ ಲೆಕ್ಕದಲ್ಲಿ ಹುಟ್ಟಲೇಬಾರದ ಹಾರ್ಮೋನಿಕ್‌ಗಳೂ ಇಲ್ಲಿ ಹುಟ್ಟುತ್ತವೆಯೆಂದು ಸಿ.ವಿ. ರಾಮನ್ 1921ರಲ್ಲೇ ಬರೆದರು. ಹೀಗಾಗಿ ಅಂಗೈ ಪೆಟ್ಟಿಗೆಯಲ್ಲೂ ತಂಬೂರಿ ಬದುಕಿ ಉಳಿಯುತ್ತದೆ. ಸಣ್ಣ ಸ್ಪೀಕರಿಗೆಂದೇ ಯಾರೋ ಈ ವಾದ್ಯವನ್ನು ಮಾಡಿದ್ದರೇನೋ ಎಂದು ತಮಾಷೆಗೆ ಅನಿಸಿತು.

ತಬಲಾಕ್ಕೆ ಈ ಭಾಗ್ಯವಿಲ್ಲ. ಬಲಗೈಯ ತಬಲಾ ಚೆನ್ನಾಗಿಯೇ ಕೇಳುತ್ತದೆ. ಅದರ ನಡುವಿನ ಕರಿಯ ಲೇಪದಿಂದಾಗಿ ಚರ್ಮದ ಒಂಬತ್ತು ಕಂಪನ ವಿಧಗಳು ಐದು ಹಾರ್ಮೋನಿಕ್‌ಗಳಾಗಿ ಒಗ್ಗೂಡುತ್ತವೆಯೆಂಬುದು ಕೂಡ ರಾಮನ್ ಅವರದೇ ಶೋಧ. 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ಮೊದಲು ಪ್ರಕಟಿಸಿ, 1934ರಲ್ಲಿ ವಿವರವಾಗಿ ಬರೆದರು. ಎಡಗೈಯ ಡಗ್ಗಾದ ಕತೆ ಬೇರೆ. ಅದರ ಶಕ್ತಿಯ ಬಹುಪಾಲು 100 ಹರ್ಟ್ಸ್ ಆಸುಪಾಸಿನ ಹಾಗೂ ಅದಕ್ಕಿಂತ ಕೆಳಗಿನ ಮೂಲಸ್ವರದಲ್ಲೇ ಇರುತ್ತದೆ. ಅದನ್ನು ಕತ್ತರಿಸಿದರೆ ಕಿವಿ ಕಟ್ಟಿಕೊಳ್ಳಲು ಹೆಚ್ಚೇನೂ ಉಳಿಯುವುದಿಲ್ಲ. ಅದರ ಮೇಲೆ ಮಣಿಕಟ್ಟನ್ನು ಒತ್ತಿ ಎಳೆಯುವ ಆ ಜಾರು ಸ್ವರ ಬರಿಯ 'ದಬ್' ಆಗುತ್ತದೆ.

ಸಂಗೀತ ಬಲ್ಲವರಿಗೆ ಇದು ಸಣ್ಣ ನಷ್ಟವಲ್ಲ. ತೀನ್‌ತಾಲದ ಹದಿನಾರು ಮಾತ್ರೆಗಳನ್ನು ನೆನೆಯಿರಿ: ಧಾ ಧಿಂ ಧಿಂ ಧಾ, ಧಾ ಧಿಂ ಧಿಂ ಧಾ, ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ. 'ಧಾ' ಮತ್ತು 'ತಾ', 'ಧಿಂ' ಮತ್ತು 'ತಿಂ' ಇವುಗಳ ನಡುವಿನ ವ್ಯತ್ಯಾಸವೇನು? ಬಲಗೈ ಎರಡರಲ್ಲೂ ಬಹುತೇಕ ಒಂದೇ. 'ಧ'ಕಾರದಲ್ಲಿ ಡಗ್ಗಾ ಕೂಡಿಕೊಳ್ಳುತ್ತದೆ, 'ತ'ಕಾರದಲ್ಲಿ ಸುಮ್ಮನಾಗುತ್ತದೆ. ಡಗ್ಗಾ ಸುಮ್ಮನಾದ ಆ ಭಾಗವೇ ಖಾಲಿ. ಗಾಯಕ ಆವರ್ತನದ ಎಲ್ಲಿದ್ದೇನೆಂದು ತಿಳಿಯುವುದು, ಕೇಳುಗ ಸಮ್ ಬರುವುದನ್ನು ಮೊದಲೇ ಊಹಿಸುವುದು ಈ ಇರುವಿಕೆ-ಇಲ್ಲದಿರುವಿಕೆಯಿಂದ. ಡಗ್ಗಾವನ್ನೇ ನುಡಿಸಲಾರದ ಪೆಟ್ಟಿಗೆಯಲ್ಲಿ ಇಡೀ ತಾಲ ಖಾಲಿಯಂತೆಯೇ ಕೇಳುತ್ತದೆ. ಪೂರ್ತಿ ಅಳಿಸಿಹೋಗುತ್ತದೆ ಎನ್ನಲಾರೆ. ಹತ್ತಿರ ಕುಳಿತು ಕಿವಿಗೊಟ್ಟರೆ ಸುಳಿವು ಸಿಗುತ್ತದೆ. ನನ್ನಂಥವನಿಗೆ, ಇದೇ ಧ್ವನಿಮುದ್ರಣವನ್ನು ಬೇರೆಡೆ ಕೇಳಿದ್ದರಿಂದ, ಆ ಸುಳಿವೇ ಸಾಕಾಗುತ್ತದೆ. ಆದರೆ ನಮ್ಮಲ್ಲಿಗೆ ಬರುವ ತಂಗಿಯ ಮಗ ಹನ್ನೊಂದರ ಹುಡುಗ, ತಬಲಾ ಕಲಿಯಲು ಶುರು ಮಾಡಿ ವರ್ಷವಾಗಿಲ್ಲ. ಅವನಿಗೆ ಒಂದೇ ಠೇಕಾವನ್ನು ಈ ಪೆಟ್ಟಿಗೆಯಲ್ಲಿ ಕೇಳಿಸಿ ಖಾಲಿ ಬಂದಾಗ ಕೈ ಎತ್ತು ಎಂದೆ. ಎಣಿಸುತ್ತ ಕುಳಿತ. ದೊಡ್ಡ ಸ್ಪೀಕರಿನಲ್ಲಿ ಹಾಕಿದಾಗ ಎಣಿಸದೆಯೇ ಕೈ ಎತ್ತಿದ. ಕಿವಿ ಇನ್ನೂ ರೂಪುಗೊಳ್ಳುತ್ತಿರುವ ಮಕ್ಕಳಿಗೆ ಮನೆಯಲ್ಲಿ ಸಂಗೀತವೆಂದರೆ ಇದೊಂದೇ ಪೆಟ್ಟಿಗೆ ಎಂದಾದರೆ, ಇಲ್ಲದ್ದನ್ನು ಕಟ್ಟಿಕೊಳ್ಳಲು ಅವರ ಹತ್ತಿರ ನೆನಪಿನ ಬಂಡವಾಳವಿಲ್ಲ. ಈ ಯಂತ್ರದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದೇ.

ಹಳೆಯ ಯಂತ್ರಗಳೂ ಕತ್ತರಿಸುತ್ತಿರಲಿಲ್ಲವೇ ಎಂದು ಕೇಳಬಹುದು. ಖಂಡಿತ ಕತ್ತರಿಸುತ್ತಿದ್ದವು. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು ಒಂದು ಕಹಳೆಯ ಬಾಯಿಗೆ. 1925ರ ಸುಮಾರಿಗೆ ವಿದ್ಯುತ್ ಮೈಕ್ರೊಫೋನ್ ಬರುವವರೆಗೆ ತೀರ ಕೆಳಗಿನ ಹಾಗೂ ತೀರ ಮೇಲಿನ ಆವೃತ್ತಿಗಳೆರಡೂ ತಟ್ಟೆಯ ಮೇಲೆ ಬೀಳುತ್ತಲೇ ಇರಲಿಲ್ಲ. ನಮ್ಮ ಗುಲಬರ್ಗಾ ಆಕಾಶವಾಣಿ 1966ರಲ್ಲಿ ಶುರುವಾಯಿತು. ಮೀಡಿಯಂ ವೇವ್‌ನಲ್ಲಿ ನಿಲಯ ನಿಲಯಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಆದ್ದರಿಂದ ಸಾಮಾನ್ಯ ರೇಡಿಯೊ ಸುಮಾರು 4.5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಹೆಚ್ಚಾಗಿ ಬಿಟ್ಟುಕೊಡುತ್ತಿತ್ತು. ಆದರೆ ಆ ಕಾಲದ ವಾಲ್ವ್ ರೇಡಿಯೊಗಳಿಗೆ ಮರದ ದೊಡ್ಡ ಪೆಟ್ಟಿಗೆ, ಊಟದ ತಟ್ಟೆಯಗಲದ ಸ್ಪೀಕರ್ ಇದ್ದವು. ಅವುಗಳಲ್ಲಿ ತಾಳದ ಝಣತ್ಕಾರ ಮಂಕು, ಡಗ್ಗಾ ಗಟ್ಟಿ. ಈಗ ಅದಕ್ಕೆ ತದ್ವಿರುದ್ಧ. ಇನ್ನೊಂದು ವ್ಯತ್ಯಾಸವೂ ಇದೆ. ರೇಡಿಯೊ ಕತ್ತರಿಸಿದ್ದು ಕೇಳಿದವರಿಗೆಲ್ಲ ಗೊತ್ತಾಗುತ್ತಿತ್ತು. ಗರಗರ ಸದ್ದೇ ಅದನ್ನು ಸಾರುತ್ತಿತ್ತು. ಈ ಪೆಟ್ಟಿಗೆ ಎಷ್ಟು ನುಣುಪಾಗಿ ನುಡಿಯುತ್ತದೆಂದರೆ ಏನಾದರೂ ಹೋಗಿದೆ ಎಂಬ ಸಂಶಯವೇ ಬರುವುದಿಲ್ಲ. ಧ್ವನಿ ಮಟ್ಟವನ್ನು ಏರಿಸಿದಂತೆಲ್ಲ ಪರದೆ ಹರಿಯದಿರಲೆಂದು ಇಂತಹ ಯಂತ್ರಗಳು ಕೆಳಸ್ವರಗಳನ್ನು ತಾವೇ ತಗ್ಗಿಸುತ್ತವೆ. ಧ್ವನಿ ತಗ್ಗಿಸಿದರೆ ಇನ್ನೊಂದು ತೊಂದರೆ: 60 ಹರ್ಟ್ಸಿನ ಸುಮಾರಿಗೆ ನಮ್ಮ ಕಿವಿಗೆ ಏನಾದರೂ ಕೇಳಬೇಕಾದರೆ 35ರಿಂದ 40 ಡೆಸಿಬೆಲ್ ಬೇಕೇ ಬೇಕು ಎಂಬುದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಆರಂಭಿಸಿದ ಬಗೆಯ ಅಳತೆಗಳಿಂದ ತಿಳಿದಿದೆ. ಏರಿಸಿದರೂ ಇಳಿಸಿದರೂ ಡಗ್ಗಾಕ್ಕೇ ಏಟು.

ಪೆಟ್ಟಿಗೆಯನ್ನಷ್ಟೇ ದೂರಿದರೆ ಅನ್ಯಾಯವಾದೀತು. ಕೋಣೆಯೂ ಒಂದು ವಾದ್ಯ. ನಮ್ಮ ಭಾಗದ ಮನೆಗಳಿಗೆ ಶಹಾಬಾದಿನ ಫರಸಿ ನೆಲ, ಗಿಲಾವು ಮಾಡಿದ ಗೋಡೆ, ಕಾಂಕ್ರೀಟ್ ಛತ್ತು. ನಾನು ಕೇಳಿದ ಕೋಣೆ 4 ಮೀ. ಉದ್ದ, 3.5 ಮೀ. ಅಗಲ, 3 ಮೀ. ಎತ್ತರ: ಘನಗಾತ್ರ 42 ಘನಮೀಟರ್, ಒಟ್ಟು ಮೇಲ್ಮೈ 73 ಚದರ ಮೀಟರ್. ಇಂತಹ ಗಟ್ಟಿ ಮೇಲ್ಮೈಗಳು ಬಿದ್ದ ಶಬ್ದದ ಶೇಕಡ 3ರಷ್ಟನ್ನು ಮಾತ್ರ ಹೀರುತ್ತವೆ ಎಂದು ಹಿಡಿದರೆ ಒಟ್ಟು ಹೀರಿಕೆ 2.2 ಚದರ ಮೀಟರ್. ಹಾರ್ವರ್ಡಿನ ಸಬೈನ್ 1890ರ ದಶಕದಲ್ಲಿ ಒಂದು ಉಪನ್ಯಾಸ ಸಭಾಂಗಣಕ್ಕೆ ನಾಟಕಶಾಲೆಯ ಕುರ್ಚಿ ದಿಂಬುಗಳನ್ನು ರಾತ್ರಿಯೆಲ್ಲ ಹೊತ್ತು ತಂದು ಕಂಡುಹಿಡಿದ ಸೂತ್ರದಂತೆ, ಅನುರಣನೆಯ ಕಾಲ ಅಂದರೆ 0.161 ಗುಣಿಸು ಘನಗಾತ್ರ, ಭಾಗಿಸು ಒಟ್ಟು ಹೀರಿಕೆ. ಇಲ್ಲಿ ಉತ್ತರ 3 ಸೆಕೆಂಡ್. ಖಾಲಿ ಕೋಣೆಯಲ್ಲಿ ದ್ರುತ್ ತಾನ್ ಹಾಕಿದರೆ ಒಂದರ ಮೇಲೊಂದು ಸ್ವರ ಬಿದ್ದು ಕಲಸಿದ ಅಂಬಲಿಯಾಗುತ್ತದೆ. ಪಕ್ಕದ ವಿಜಯಪುರದ ಗೋಲಗುಮ್ಮಟದಲ್ಲಿ ಯಾರೂ ತಾನ್ ಹಾಕಲು ಹೋಗುವುದಿಲ್ಲವಷ್ಟೆ.

ಇದಕ್ಕೆ ಪೇಟೆಯಿಂದ ಏನೂ ತರಬೇಕಿಲ್ಲ. ಗಾದಿಯೊಂದನ್ನು ಹಾಸಿ, ಎರಡು ಕೌದಿಗಳನ್ನು ಪೆಟ್ಟಿಗೆಯ ಎದುರಿನ ಗೋಡೆಗೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿದೆವು. ಕೌದಿಯ ಹೀರಿಕೆ ಅರ್ಧ ಎಂದು ಹಿಡಿದು, ಕುಳಿತ ಇಬ್ಬರು ಕೇಳುಗರನ್ನೂ ಸೇರಿಸಿದರೆ ಒಟ್ಟು ಹೀರಿಕೆ 7ರ ಹತ್ತಿರ, ಅನುರಣನೆಯ ಕಾಲ 1 ಸೆಕೆಂಡ್. ಕಿವಿಗೂ ಆ ವ್ಯತ್ಯಾಸ ಕೂಡಲೇ ಗೊತ್ತಾಯಿತು. ಹಳೆಯ ಸೀರೆ ಧೋತರಗಳ ಪದರ ಪದರ ಹೊಲಿದ ಕೌದಿಗಿಂತ ಅಗ್ಗದ ಶಬ್ದಶೋಷಕ ನನಗೆ ಗೊತ್ತಿಲ್ಲ. ಆದರೆ ಅದು ಹೀರುವುದು ಮಧ್ಯದ ಹಾಗೂ ಮೇಲಿನ ಆವೃತ್ತಿಗಳನ್ನು. ಪೆಟ್ಟಿಗೆ ನುಡಿಸದ ಡಗ್ಗಾವನ್ನು ಅದು ಮರಳಿ ಕೊಡಲಾರದು.

ಹಾಡು ಹುಡುಕಿ ಕೊಡುವ ವ್ಯವಸ್ಥೆಯ ಬಗ್ಗೆ ಎರಡು ಮಾತು. ಅದನ್ನು ಸಿನಿಮಾ ಹಾಡಿನ ಅಳತೆಗೆ ಕಟ್ಟಿದ್ದಾರೆ. ಹಾಡು, ಕಲಾವಿದ, ಆಲ್ಬಮ್ ಎಂಬ ಮೂರು ಖಾನೆಗಳು ಅದಕ್ಕೆ ಸಾಕು. ರಾಗದ ಹೆಸರು ಹೇಳಿದರೆ ಆ ಶಬ್ದ ಶೀರ್ಷಿಕೆಯಲ್ಲಿ ಎಲ್ಲಿದ್ದರೂ ಎತ್ತಿ ತರುತ್ತದೆ. ಬಸವರಾಜ ರಾಜಗುರು ಅವರನ್ನು ಕೇಳಿದಾಗ ಒಮ್ಮೆ ದ್ರುತ್ ಮೊದಲು ಬಂದು, ನಡುವೆ ಬೇರೊಬ್ಬರ ಭಜನೆ ನುಸುಳಿ, ವಿಲಂಬಿತ ಕೊನೆಗೆ ಬಂತು. ಊಟವನ್ನು ಮಜ್ಜಿಗೆಯಿಂದ ಆರಂಭಿಸಿದಂತೆ. ಸಂಗ್ರಹವೇನೋ ಅಗಾಧ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮನ್ಸೂರ ಇವರ ಗಂಟೆಗಟ್ಟಲೆಯ ಗಾಯನ ಹೆಸರು ಹೇಳಿದರೆ ಮನೆಬಾಗಿಲಿಗೆ ಬರುತ್ತದೆ. ಕ್ಯಾಸೆಟ್ಟಿಗಾಗಿ ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋಗುವವರಿಗೆ ಹೇಳಿ ಕಳಿಸುತ್ತಿದ್ದ ನಮ್ಮ ತಲೆಮಾರಿಗೆ ಇದು ಸಾಮಾನ್ಯ ಸಂಗತಿಯಲ್ಲ.

ಬೇಸಿಗೆಯಲ್ಲಿ ಕರೆಂಟು ಹೋದರೆ ಪೆಟ್ಟಿಗೆ ಮೂಕ; ಇನ್ವರ್ಟರ್ ಇದ್ದು ಇಂಟರ್ನೆಟ್ ಹೋದರೂ ಮೂಕ. ಸದಾ ತೆರೆದ ಕಿವಿಯ ಬಗ್ಗೆ ಹಲವರು ಅಂಜುತ್ತಾರೆ. ತನ್ನ ಹೆಸರನ್ನು ಗುರುತಿಸುವ ಕೆಲಸ ಪೆಟ್ಟಿಗೆಯೊಳಗೇ ನಡೆದು, ಆಮೇಲಿನ ಮಾತು ದೂರದ ಕಂಪ್ಯೂಟರಿಗೆ ಹೋಗುತ್ತದೆ. ಒಮ್ಮೊಮ್ಮೆ ಬೇರೆ ಮಾತನ್ನೂ ತನ್ನ ಹೆಸರೆಂದು ತಿಳಿಯುವುದುಂಟು. ಮೈಕ್ರೊಫೋನನ್ನು ನಿಲ್ಲಿಸುವ ಗುಂಡಿ ಮೇಲೆಯೇ ಇದೆ. ಹಾಡು ಶುರುವಾದ ಮೇಲೆ ಅದನ್ನು ಒತ್ತಿಬಿಡುವುದು ನಮ್ಮ ಮನೆಯ ರೂಢಿಯಾಗಿದೆ.

ಕೊಳ್ಳಬೇಕೇ ಎಂದು ಕೇಳುವ ಅಧ್ಯಾಪಕ ಮಿತ್ರರಿಗೆ ನಾನು ಹೇಳುತ್ತಿರುವುದಿಷ್ಟು: ಮಾತು, ವಾರ್ತೆ, ಭಾವಗೀತೆ, ಕೊಳಲು ಇವಕ್ಕೆ ಧಾರಾಳವಾಗಿ ಕೊಳ್ಳಿ. ತಬಲಾ, ಪಖವಾಜು, ಡೊಳ್ಳು ಇದ್ದಲ್ಲಿ ಇದನ್ನು ಹಾಡು ಹುಡುಕುವ ಯಂತ್ರವಾಗಿ ಇಟ್ಟುಕೊಂಡು, ನುಡಿಸುವ ಕೆಲಸವನ್ನು ದೊಡ್ಡ ಪರದೆಯ ಸ್ಪೀಕರಿಗೆ ವಹಿಸಿ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಟೇಪ್ ರೆಕಾರ್ಡರಿನ ಎರಡು ಮರದ ಸ್ಪೀಕರುಗಳನ್ನು ಇಳಿಸಿ, ಒಂದು ಆಂಪ್ಲಿಫೈಯರ್ ಹಾಗೂ ಬ್ಲೂಟೂತ್ ಗ್ರಾಹಕವನ್ನು ಜೋಡಿಸಿಕೊಂಡಿದ್ದೇವೆ. ಅಂಗೈ ಪೆಟ್ಟಿಗೆ ಈಗ ತಂಗಿಯ ಮಗನ ಅಭ್ಯಾಸದ ಮೂಲೆಯಲ್ಲಿದೆ. ಸಂಜೆ ಅದು ಕರಿ ಒಂದರ ತಂಬೂರಿಯನ್ನಷ್ಟೇ ನುಡಿಸುತ್ತದೆ. ಡಗ್ಗಾವನ್ನು ಅವನು ತನ್ನ ಕೈಯಿಂದಲೇ ನುಡಿಸುತ್ತಾನೆ.